ತಿದ್ದಿದ ಉತ್ತರ

ಫಾಲ್ಗುಣ ೪, ಭಾನುವಾರ

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹನ್ನೊಂದು ಪ್ರಶ್ನೆಗಳಿಗೆ ಉತ್ತರ ಬರೆದೆ. ಚೌತಾರಿ ಎಂಬ ನಮ್ಮ ಆನ್‌ಲೈನ್ ವೇದಿಕೆಯಲ್ಲಿ ಒಂದೇ ಪಟ್ಟಿಗೆ ಕೂತು ಇಷ್ಟು ಬರೆದದ್ದು ಇದೇ ಮೊದಲು. ಡಬ್ಬಿಯ ಚಿವ್‌ಡಾ ಹಾಗೇ ಉಳಿಯಿತು.

ನಾಲ್ಕು ಗಂಟೆಗೆ ಉದ್ಧವ ದಾಜು ಫೋನ್ ಮಾಡಿದರು. ಚೌತಾರಿಯನ್ನು ಶುರುಮಾಡಿದವರೇ ಅವರು; ನಮಗೆಲ್ಲ ದಾಜು, ಅಂದರೆ ಅಣ್ಣ, ನಾನು ಅವರಿಗೆ ಬಹಿನಿ, ತಂಗಿ. "ಸುಮೇಧಾ ಬಹಿನಿ, ಈ ವರ್ಷದ ಸನ್ಮಾನ ನಿನಗೇ. ಚೈತ್ರ ಎಂಟಕ್ಕೆ ಸಮ್ಮೇಳನ. ಸೀರೆ ಉಟ್ಕೊಂಡು ಬಾ. ಜೀನ್ಸ್ ಹಾಕ್ಕೊಂಡು ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತೀನಿ ನೋಡು" ಎಂದು ನಕ್ಕರು. ನಲವತ್ತು ಸಾವಿರ ಪ್ರೋಗ್ರಾಮರುಗಳಿರುವ ಜಾಗ. ಅಡ್ಮಿನ್‌ಗಳು ಐದು ಜನ, ಅವರಲ್ಲಿ ಹೆಂಗಸು ನಾನೊಬ್ಬಳೇ. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಫೋನಿಟ್ಟ ಕೂಡಲೇ, ಈ ಒಂದು ತಿಂಗಳಲ್ಲಿ ಎಲ್ಲಾದರೂ ಎಡವಿದರೆ ಆ ಗಂಡಸರೆಲ್ಲ ಏನೆನ್ನುತ್ತಾರೋ ಎಂಬ ಯೋಚನೆ ಹತ್ತಿತು.

ಹನ್ನೊಂದರಲ್ಲಿ ಒಂದು ಪ್ರಶ್ನೆ ಬಹಳ ಪೀಡಿಸಿತು. ಧವಳಗಿರಿ ಶಿಖರದ ಚಿತ್ರ ಹಾಕಿಕೊಂಡ, ಹೆಸರಿಲ್ಲದ ಯಾರೋ. "ದಯವಿಟ್ಟು ಹೇಳಿಕೊಡಿ ದೀದಿ, ನಾನು ಹೊಸಬ" ಎಂದು ಮೂರು ಸಲ ಬರೆದಿದ್ದಾನೆ. ಹೊಸ ಸಿಸ್ಟಮ್ಮನ್ನು ಪೆನ್‌ಡ್ರೈವಿಗೆ ಇಳಿಸಬೇಕಂತೆ. ಕಮ್ಯಾಂಡಿನ ಕೊನೆಯಲ್ಲಿ ಯಾವ ಡಿಸ್ಕಿನ ಹೆಸರು ಹಾಕಬೇಕು ಅಂತ ಪ್ರಶ್ನೆ. "ಬಿ ಹಾಕು, ಸಾಕು" ಎಂದು ಬರೆದು ಮುಗಿಸಿದೆ. ಎಲ್ಲರ ಯಂತ್ರದಲ್ಲೂ ಮೊದಲನೆಯ ಡಿಸ್ಕು ಎ, ಚುಚ್ಚಿದ ಪೆನ್‌ಡ್ರೈವು ಬಿ.

ಫಾಲ್ಗುಣ ೫, ಸೋಮವಾರ

ಬೆಳಿಗ್ಗೆ ಆ ಧವಳಗಿರಿಯವನು ಬರೆದಿದ್ದ: "ದೀದಿ, ನೀವು ಹೇಳಿದ ಹಾಗೇ ಮಾಡಿದೆ. ಈಗ ನನ್ನ ಎರಡನೆಯ ಡಿಸ್ಕು ಖಾಲಿ ತೋರಿಸುತ್ತಿದೆ. ಹೀಗೇ ಆಗಬೇಕಾ?"

ಅವನ ಯಂತ್ರದಲ್ಲಿ ಎರಡು ಡಿಸ್ಕುಗಳಿದ್ದವು. ಪೆನ್‌ಡ್ರೈವು ಅಲ್ಲಿ ಸಿ. ಬಿ ಅಂದರೆ ಅವನ ಕೆಲಸವೆಲ್ಲ ಇದ್ದ ಡಿಸ್ಕು.

ಅಷ್ಟು ಹೊತ್ತಿಗೆ ಯಾರೂ ನೋಡಿರಲಿಲ್ಲ. ನನ್ನ ಉತ್ತರವನ್ನು ಸ್ವಲ್ಪ ಸ್ಪಷ್ಟಗೊಳಿಸಿದೆ. "ಮೊದಲು ಡಿಸ್ಕುಗಳ ಪಟ್ಟಿ ನೋಡಿಕೊಂಡು, ಪೆನ್‌ಡ್ರೈವು ಯಾವುದೆಂದು ಖಚಿತಪಡಿಸಿಕೊಳ್ಳಿ" ಎಂಬ ಸಾಲನ್ನು ಮೇಲ್ಗಡೆ ಸೇರಿಸಿದೆ. ಮುಂದೆ ಓದುವವರಿಗೆ ಒಳ್ಳೆಯದೇ. ಅಡ್ಮಿನ್ ತಿದ್ದಿದರೆ ಗುರುತು ಉಳಿಯುವುದಿಲ್ಲ. ಆಮೇಲೆ ಅವನಿಗೆ ಬರೆದೆ: "ಪಟ್ಟಿ ನೋಡಿಕೊಳ್ಳಿ ಅಂತ ಮೇಲೇ ಇದೆಯಲ್ಲ."

ಅಷ್ಟೇ.

ಫಾಲ್ಗುಣ ೭, ಬುಧವಾರ

ಎಪ್ಪತ್ತಕ್ಕೂ ಹೆಚ್ಚು ಜನ ಅವನ ಪ್ರಶ್ನೆಯ ಕೆಳಗೆ ಬಂದು ಕೂತಿದ್ದಾರೆ. "ಓದೋಕೆ ಬರದವನು ಕಂಪ್ಯೂಟರ್ ಯಾಕೆ ಮುಟ್ತೀಯಪ್ಪಾ." "ದೀದಿ ಇಷ್ಟು ಬಿಡಿಸಿ ಹೇಳಿದ್ದಾರೆ, ಇನ್ನೇನು ಮನೆಗೆ ಬಂದು ಮಾಡಿಕೊಡಬೇಕಾ?" ಸಾಲುಸಾಲು ನಗುವ ಮುಖಗಳು.

ಅವನ ಕೊನೆಯ ಮಾತು: "ಕ್ಷಮಿಸಿ ದೀದಿ. ಆ ಸಾಲು ನನಗೆ ಕಾಣಿಸಲೇ ಇಲ್ಲ. ನನ್ನ ಕಣ್ಣು ಸರಿಯಿಲ್ಲ ಅಂತ ಕಾಣುತ್ತೆ. ತಪ್ಪು ನನ್ನದೇ."

ಮಧ್ಯಾಹ್ನದ ಹೊತ್ತಿಗೆ ಖಾತೆ ಮುಚ್ಚಿಕೊಂಡು ಹೋಗಿದ್ದ. ಸದ್ಯ, ಮುಗಿಯಿತು.

ಫಾಲ್ಗುಣ ೧೦, ಶನಿವಾರ

ವಾರಕ್ಕಿರುವ ಒಂದೇ ರಜೆ, ಶನಿವಾರ. ಓಣಿಗೆ ನೀರಿನ ಟ್ಯಾಂಕರ್ ಬಂತು. ನನ್ನ ಗಂಡ ನಿರನ್ ಬಕೆಟ್ ಹಿಡಿದು ಮೂರು ಮಹಡಿ ಹತ್ತಿಳಿದು ಏದುಸಿರು ಬಿಡುತ್ತ ಬಂದ. ನಾನು ಅಡುಗೆಮನೆಯಲ್ಲಿ ನಿಂತಿದ್ದೆ.

"ಏನ್ ನೋಡ್ತಿದ್ದೀಯ?"

"ಗ್ಯಾಸ್ ಆಫ್ ಆಗಿದ್ಯಾ ಅಂತ."

"ನಾಲ್ಕನೇ ಸಲ. ಒಲೆ ನಾಚ್ಕೊಳ್ಳುತ್ತೆ, ಬಿಡು." ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಎಲ್ಲವನ್ನೂ ಎಣಿಸುತ್ತಾನೆ. "ಆಫೀಸಲ್ಲಿ ಏನಾದ್ರೂ ಆಯ್ತಾ?"

ಇಲ್ಲ ಅಂದೆ.

ಬೀಗ ಹಾಕಿದ ಮೇಲೂ ತಿರುಗಿ ಹೋಗಿ ಎಳೆದು ನೋಡುತ್ತಿದ್ದೇನೆ. ಬೇರೆ ಯಾರಿಗೋ ಉತ್ತರ ಬರೆಯಲು ಕೂತರೆ ಒಂದು ಸಾಲಿಗೆ ಅರ್ಧ ಗಂಟೆ ಹಿಡಿಯುತ್ತದೆ. ಈ ವಾರವೆಲ್ಲ ಸೇರಿ ಎರಡೇ ಉತ್ತರ.

ತಲೆ ಕೊರೆಯುತ್ತಿರುವ ವಿಷಯ ಇನ್ನೊಂದಿದೆ. ಆ ಕಮ್ಯಾಂಡು ಡಿಸ್ಕನ್ನು ಪೂರ್ತಿ ಅಳಿಸುವುದಿಲ್ಲ. ಆರಂಭದ ಸ್ವಲ್ಪ ಭಾಗದ ಮೇಲೆ ಬರೆಯುತ್ತದೆ, ಅಷ್ಟೆ. ಖಾಲಿ ಎಂದು ತೋರಿಸಿದರೂ ಉಳಿದದ್ದು ಒಳಗೇ ಇರುತ್ತದೆ. ಅದನ್ನು ಮುಟ್ಟದೆ ಬಿಚ್ಚಿಟ್ಟರೆ ಬಹುಪಾಲು ವಾಪಸು ತೆಗೆಯಬಹುದು. ಅದಕ್ಕೇ ಇನ್ನೇನಾದರೂ ತುಂಬುತ್ತ ಹೋದರೆ ದಿನದಿನಕ್ಕೂ ಕಳೆದುಹೋಗುತ್ತದೆ. ಅವನಿಗೆ ಇದು ಗೊತ್ತಿರಲಾರದು. ನನಗೆ ಸೋಮವಾರವೇ ಗೊತ್ತಿತ್ತು. ಹೇಳಬೇಕೆಂದರೆ "ಮುಟ್ಟಬೇಡಿ" ಎಂಬ ಒಂದು ಮಾತು ಸಾಕಿತ್ತು. ಆದರೆ ಅವನನ್ನು ಮಾತಾಡಿಸಿದರೆ ಜನ ಮತ್ತೆ ಆ ಉತ್ತರವನ್ನು ಕೆದಕುತ್ತಿದ್ದರು.

ಫಾಲ್ಗುಣ ೧೩, ಮಂಗಳವಾರ

ಖಾತೆ ಮುಚ್ಚಿದರೂ ಹಳೆಯ ಪ್ರಶ್ನೆಗಳು ಉಳಿಯುತ್ತವೆ. ಇವತ್ತು ಅವನ್ನು ಹುಡುಕಿ ಓದಿದೆ. ಎರಡು ವರ್ಷದಲ್ಲಿ ಆರು ಪ್ರಶ್ನೆ. ಮೊದಲನೆಯದು, ಅಕ್ಷರಗಳನ್ನು ದೊಡ್ಡದು ಮಾಡುವುದು ಹೇಗೆ. ಯಾರೂ ಉತ್ತರಿಸಿಲ್ಲ. ಪೆನ್‌ಡ್ರೈವಿನದಕ್ಕೆ ಮುಂಚಿನದರಲ್ಲಿ ತಾನೇ ಬರೆದ ಪ್ರೋಗ್ರಾಮಿನ ಚಿತ್ರ ಹಾಕಿದ್ದಾನೆ. ಹಸಿರು ಪಟ್ಟಿ, ಅದರೊಳಗೆ ಹೆಸರು, ಹಳ್ಳಿ, ಫೋನ್ ನಂಬರು. ಪಕ್ಕದಲ್ಲಿ ಎ ಪಾಸಿಟಿವ್, ಬಿ ಪಾಸಿಟಿವ್, ಓ ನೆಗೆಟಿವ್. ಮೇಲೆ ದಪ್ಪ ಅಕ್ಷರದಲ್ಲಿ: "ಬಾಗ್ಲುಂಗ್ ಜಿಲ್ಲೆಯ ರಕ್ತದಾನಿಗಳು, ಒಟ್ಟು ೧೩೧೨." ಕೆಳಗೆ: "ರಕ್ತ ಬೇಕಾದಲ್ಲಿ ಯಾವ ಹೊತ್ತಿಗಾದರೂ ಕರೆ ಮಾಡಿ, ಖಿಮ್ ಬಹಾದುರ್ ಪುನ್." ನಂಬರು.

ನಂಬರನ್ನು ಬರೆದಿಟ್ಟುಕೊಂಡೆ.

ಫಾಲ್ಗುಣ ೧೪, ಬುಧವಾರ

ಹತ್ತು ಗಂಟೆಗೆ ಆಫೀಸಿನ ತಾರಸಿಗೆ ಹೋಗಿ ಆ ನಂಬರಿಗೆ ಫೋನ್ ಮಾಡಿದೆ. ಒಂದು ರಿಂಗಾಗುತ್ತಲೇ ಕಟ್ ಮಾಡಿದೆ. ಅಪರಿಚಿತರೊಡನೆ ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಗ್ಯಾಸ್ ಬುಕ್ ಮಾಡಲಿಕ್ಕೂ ನಿರನ್‌ನೇ ಬೇಕು.

ನಿಮಿಷವೂ ಆಗಿರಲಿಲ್ಲ, ಅವರೇ ವಾಪಸು ಮಾಡಿದರು.

"ಯಾರಿಗೆ ಬೇಕು ರಕ್ತ? ರೋಗಿ ಎಲ್ಲಿದ್ದಾರೆ?"

ಹುಡುಗನಲ್ಲ, ವಯಸ್ಸಾದ ದನಿ. "ಅದು... ನಾನು..." ಎಂದೆ.

"ಗಾಬರಿಯಾಗ್ಬೇಡಿ. ಉಸಿರು ತಗೊಂಡು ಹೇಳಿ. ಯಾವ ಗುಂಪು?"

"ರಾಂಗ್ ನಂಬರ್" ಎಂದೆ.

"ಹೌದಾ? ರಾಂಗ್ ನಂಬರಾದ್ರೆ ಒಳ್ಳೇದೇ ಆಯ್ತಲ್ಲ. ಯಾರಿಗೂ ಏನೂ ಆಗಿಲ್ಲ ಅಂತಾಯ್ತು" ಅಂದು ಅವರೇ ಇಟ್ಟರು.

ಫಾಲ್ಗುಣ ೧೬, ಶುಕ್ರವಾರ

ಇವತ್ತು ಮಾತಾಡಿದೆ. ಚೌತಾರಿಯ ಸುಮೇಧಾ ಬಜ್ರಾಚಾರ್ಯ ಎಂದು ಹೇಳಿಕೊಂಡೆ. ಅವರು ಗಡಬಡಿಸಿ ಎದ್ದು ನಿಂತಂತೆ ಕೇಳಿಸಿತು, ಕುರ್ಚಿ ಸರಿದ ಸದ್ದು.

"ದೀದಿ! ನೀವಾ? ನಿಮ್ಮ ಹೊತ್ತು ಹಾಳು ಮಾಡಿಬಿಟ್ಟೆ. ಈ ಮುದುಕನಿಗೆ ಅಷ್ಟೂ ತಿಳೀಲಿಲ್ಲ ನೋಡಿ."

ಅವರಿಗೆ ಅರವತ್ತೊಂದು. ಭಾರತದ ಗೂರ್ಖಾ ಪಲ್ಟನ್ನಿನಲ್ಲಿ ಇಪ್ಪತ್ತೆರಡು ವರ್ಷ ಇದ್ದು ಬಂದವರು. ಹೆಂಡತಿಯ ಆಪರೇಷನ್ ದಿನ ಒಂದು ಬಾಟಲಿ ರಕ್ತಕ್ಕೆ ಬೆಳಗಿನಿಂದ ಬೈಗಿನವರೆಗೆ ಮನೆಮನೆ ಅಲೆದರಂತೆ. ಆಕೆ ಉಳಿದರು. ಅದಾದ ಮೇಲೆ ಪಟ್ಟಿ ಮಾಡಲು ಶುರುಮಾಡಿ, ಪಟ್ಟಿಗೋಸ್ಕರ ಪ್ರೋಗ್ರಾಮ್ ಬರೆಯುವುದನ್ನು ಕಲಿತರು. ನನ್ನ ವಯಸ್ಸು ಕೇಳಿದರು, ಮೂವತ್ತಾರು ಎಂದೆ. "ಹಾಗಾದ್ರೆ ದೀದಿ ಅಲ್ಲ, ಬಹಿನಿ" ಎಂದು ನಕ್ಕರು.

ಡಿಸ್ಕನ್ನು ಏನು ಮಾಡಿದಿರಿ ಎಂದು ಕೇಳಿದೆ.

"ಕೆಟ್ಟುಹೋಯ್ತೇನೋ ಅಂತ ನೋಡೋಕೆ ಹೋದ ಶುಕ್ರವಾರ ಮನೇಲಿದ್ದ ಹಾಡು, ಫೋಟೋ ಎಲ್ಲಾ ಅದಕ್ಕೇ ತುಂಬಿದೆ ಬಹಿನಿ. ಚೆನ್ನಾಗೇ ಕೆಲಸ ಮಾಡ್ತಿದೆ. ಪಟ್ಟಿ ಮತ್ತೆ ಟೈಪ್ ಮಾಡ್ತಿದ್ದೀನಿ, ನೆನಪಿದ್ದಷ್ಟು."

ಶುಕ್ರವಾರ. ಅಂದರೆ ಒಂಬತ್ತನೇ ತಾರೀಖು. ನಾನು ಸೋಮವಾರ ಬಾಯಿಬಿಟ್ಟಿದ್ದರೆ ನಾಲ್ಕು ದಿನ ಕೈಯಲ್ಲಿತ್ತು.

ಯಂತ್ರ ಈಗಲೇ ಆರಿಸಿ, ಡಿಸ್ಕು ಬಿಚ್ಚಿ ನನಗೆ ಕಳಿಸಿ, ಸಿಕ್ಕಷ್ಟು ತೆಗೆದುಕೊಡುತ್ತೇನೆ ಎಂದೆ. ಮೈಕ್ರೋಬಸ್ಸಿನಲ್ಲಿ ಕಳಿಸುತ್ತೇನೆ ಎಂದರು. ಆಮೇಲೆ, "ನನ್ನ ತಪ್ಪಿಗೆ ನೀವ್ಯಾಕೆ ಇಷ್ಟು ಕಷ್ಟ ಪಡ್ತೀರಿ" ಅಂದರು.

ಆಗ ಹೇಳಬೇಕಿತ್ತು.

ಫಾಲ್ಗುಣ ೧೯, ಸೋಮವಾರ

ಗೋಂಗಬು ಬಸ್ ಪಾರ್ಕಿನಲ್ಲಿ ಎರಡು ಗಂಟೆ ಧೂಳು ಕುಡಿಯುತ್ತ ನಿಂತೆ. ಬಾಗ್ಲುಂಗ್ ಮೈಕ್ರೋಬಸ್ಸಿನ ಡ್ರೈವರು ಸೀಟಿನ ಕೆಳಗಿನಿಂದ ಪೊಟ್ಟಣ ತೆಗೆದ. "ಪುನ್ ದಾಜು ಕೊಟ್ಟದ್ದಾ? ದಾರಿಯುದ್ದಕ್ಕೂ ಐದು ಸಲ ಫೋನ್ ಮಾಡಿದ್ರು. ಒಳಗೆ ಮಗು ಏನಾದ್ರೂ ಇದ್ಯಾ?"

ಉಣ್ಣೆಯ ಟೋಪಿಯಲ್ಲಿ ಡಿಸ್ಕು. ಜೊತೆಗೆ ಒಂದು ಕಟ್ಟು ಗುಂದ್ರುಕ್, ಒಣಗಿಸಿದ ಸೊಪ್ಪಿನ ಹುಳಿ ವಾಸನೆ ಟ್ಯಾಕ್ಸಿಯ ತುಂಬ. ಮನೆಯಲ್ಲಿ ನಿರನ್, "ಯಾರು ಕೊಟ್ಟರು?" ಎಂದ. ಸಂಜೆ ಅವನಿಗೆ ಎಲ್ಲ ಹೇಳಿದೆ.

ಅವನು ಬಹಳ ಹೊತ್ತು ಯೋಚಿಸಿ, "ಯಾರಿಗೂ ಗೊತ್ತಾಗೋದಿಲ್ಲ ಅಲ್ವಾ? ಮತ್ಯಾಕೆ ಹೆದರ್ತೀಯ" ಎಂದ. ಸಮಾಧಾನಕ್ಕೆಂದೇ ಹೇಳಿದ್ದು. ಗುಂದ್ರುಕ್ ಸಾರು ಮಾಡಿದೆ. ಅವನು ಎರಡು ಸಲ ಹಾಕಿಸಿಕೊಂಡ. ನನ್ನ ಕೈಲಿ ತಿನ್ನಲಾಗಲಿಲ್ಲ.

ಫಾಲ್ಗುಣ ೨೧, ಬುಧವಾರ

ಹಳ್ಳಿಗೊಂದು ಫೈಲು ಮಾಡಿದ್ದರು. ಐವತ್ತೆಂಟರಲ್ಲಿ ಮೂವತ್ತೊಂಬತ್ತು ಸಿಕ್ಕವು. ೮೮೪ ಹೆಸರು. ಉಳಿದ ಹತ್ತೊಂಬತ್ತರಲ್ಲಿ ಮೂರು ಹೋದದ್ದು ನನ್ನ ಕಮ್ಯಾಂಡಿನಿಂದ. ಹದಿನಾರು ಹೋದದ್ದು ಆ ಹಾಡು, ಫೋಟೋಗಳ ಕೆಳಗೆ. ಎಲ್ಲಿ ಏನು ಬಿದ್ದಿದೆ ಎಂದು ನಕ್ಷೆಯಂತೆ ಕಾಣುತ್ತದೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಬಾಗ್ಲುಂಗ್ ಬಜಾರಿನ ಫೈಲಿನ ಜಾಗದಲ್ಲಿ ಯಾರದೋ ಮದುವೆಯ ಫೋಟೋ.

ಸಿಕ್ಕಿದ್ದನ್ನು ಅವರಿಗೆ ಕಳಿಸಿದೆ. "೮೮೪! ನಾನು ಸೊನ್ನೆ ಅಂದುಕೊಂಡಿದ್ದೆ" ಎಂದು ಉತ್ತರ.

ಫಾಲ್ಗುಣ ೨೫, ಭಾನುವಾರ

ಹನ್ನೊಂದೂವರೆಗೆ ಅವರ ಫೋನು. ಈ ಸಲ ನಗುವಿಲ್ಲ. "ಬಹಿನಿ, ಓ ನೆಗೆಟಿವ್. ಹೆರಿಗೆಯಾದವಳು, ರಕ್ತ ನಿಲ್ತಿಲ್ಲ. ಕರೆಂಟ್ ಹೋಗಿದೆ, ನನ್ನ ಯಂತ್ರ ಸತ್ತಿದೆ. ನಿಮ್ಮ ಹತ್ರ ಪಟ್ಟಿ ಇದೆಯಲ್ಲ, ಓದಿ."

ಮೀಟಿಂಗ್ ನಡೆಯುತ್ತಿತ್ತು. ಎದ್ದು ಹೊರಗೆ ಬಂದೆ. ಹುಡುಕಿದರೆ ಆರು ಹೆಸರು ಬಂದವು. ಓದುತ್ತ ಹೋದೆ, ಅವರು ಬೇರೊಂದು ಫೋನಿನಲ್ಲಿ ಒಬ್ಬೊಬ್ಬರಿಗೇ ಮಾಡುತ್ತ ಹೋದರು. ಒಬ್ಬ ಕತಾರ್‌ನಲ್ಲಿ. ಒಬ್ಬಳು ಬಸುರಿ. ಒಬ್ಬ ಎತ್ತುತ್ತಿಲ್ಲ. ನಾಲ್ಕನೆಯವರು ಗಲ್ಕೋಟ್‌ನ ಮೇಷ್ಟ್ರು, ಪಾಠ ನಿಲ್ಲಿಸಿ ಹೊರಟರು. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕೆಟ್ಟ ರಸ್ತೆಯಲ್ಲಿ ಎರಡು ಗಂಟೆ.

ಆ ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆ. ಯಾರೋ ಚಹಾ ತಂದುಕೊಟ್ಟರು, ತಣ್ಣಗಾಯಿತು. ಫೋನನ್ನು ತಿರುಗಿಸಿ ತಿರುಗಿಸಿ ನೋಡಿದೆ, ಸದ್ದು ಬರುವಂತೆ ಇಟ್ಟಿದ್ದೇನೋ ಇಲ್ಲವೋ ಎಂದು. ಎರಡೂ ಮುಕ್ಕಾಲಿಗೆ ರಿಂಗಾಯಿತು.

"ಉಳಿದಳು" ಎಂದರು. ಆಮೇಲೆ, "ಕ್ಯಾಂಪಸ್ ರಸ್ತೆಯಲ್ಲೇ ಒಬ್ಬಳಿದ್ದಳು ಬಹಿನಿ, ಓ ನೆಗೆಟಿವ್. ಆಸ್ಪತ್ರೆಯಿಂದ ಐದೇ ನಿಮಿಷ. ಹೆಸರು ನೆನಪಾಗ್ಲಿಲ್ಲ. ಬಜಾರಿನ ಫೈಲಲ್ಲಿದ್ದಳು. ಅವತ್ತು ಆ ಒಂದು ಸಾಲು ನನ್ನ ಕಣ್ಣಿಗೆ ಬಿದ್ದಿದ್ರೆ..."

ಫಾಲ್ಗುಣ ೨೬, ಸೋಮವಾರ

ಹೇಳಿದೆ. ಆ ಸಾಲು ಅಲ್ಲಿ ಇರಲಿಲ್ಲ ಪುನ್ ದಾಜು, ನಾನು ಆಮೇಲೆ ಸೇರಿಸಿದೆ, ಮೊದಲಿಂದ ಇತ್ತು ಅಂತ ನಿಮಗೆ ಸುಳ್ಳು ಹೇಳಿದೆ. ಡಿಸ್ಕು ಮುಟ್ಟಬಾರದೆಂದು ಗೊತ್ತಿದ್ದೂ ಹನ್ನೊಂದು ದಿನ ಬಾಯಿಮುಚ್ಚಿಕೊಂಡಿದ್ದೆ.

ಆ ಕಡೆ ರೇಡಿಯೋ ಕೇಳಿಸುತ್ತಿತ್ತು. ಅದನ್ನು ಆರಿಸಿದರು.

"ನಾನು ಪೋಖರಾಕ್ಕೆ ಹೋಗಿ ಕಣ್ಣು ತೋರಿಸ್ಕೊಂಡು ಬಂದೆ. ಡಾಕ್ಟ್ರು ಕಣ್ಣು ಚೆನ್ನಾಗಿದೆ ಅಂದ್ರು. ಹಾಗಾದ್ರೆ ತಲೆಯೇ ಹೋಗ್ತಿದೆ ಅಂದ್ಕೊಂಡೆ. ನನ್ನ ಅಣ್ಣನಿಗೂ ಹಾಗೇ ಶುರುವಾಗಿದ್ದು. ಹೆಂಡತಿಗೆ ಹೇಳ್ಲಿಲ್ಲ. ಮೂರು ವಾರ ಮೇಡಂ, ಮೂರು ವಾರ ನನ್ನನ್ನ ನಾನೇ ಪರೀಕ್ಷೆ ಮಾಡ್ಕೊಂಡು ಕೂತಿದ್ದೆ. ಪಲ್ಟನ್ ನಂಬರ್ ಹೇಳಿಕೊಳ್ಳೋದು, ಮಕ್ಕಳ ಹುಟ್ಟಿದ ದಿನ ಹೇಳಿಕೊಳ್ಳೋದು."

ಫೋನಿಟ್ಟರು.

ಫಾಲ್ಗುಣ ೨೮, ಬುಧವಾರ

ಚೌತಾರಿಯಲ್ಲಿ ಬರೆದೆ. ಹಳೆಯ ಉತ್ತರ, ಸೇರಿಸಿದ ಸಾಲು, ಸೇರಿಸಿದ ಹೊತ್ತು, ಆಮೇಲೆ ಹೇಳಿದ ಸುಳ್ಳು. ಏಳು ಸಲ ಬರೆದು ಅಳಿಸಿದೆ. ಪ್ರತಿ ಸಲವೂ "ಆದರೆ" ಎಂದು ಒಂದು ವಾಕ್ಯ ನುಸುಳುತ್ತಿತ್ತು. ಎಂಟನೆಯದರಲ್ಲಿ ಇರಲಿಲ್ಲ.

ಹತ್ತು ನಿಮಿಷಕ್ಕೆ ಉದ್ಧವ ದಾಜು. "ತಲೆ ಕೆಟ್ಟಿದ್ಯಾ ನಿಂಗೆ? ಮೊದ್ಲು ಅದನ್ನ ತೆಗಿ. ಹತ್ತು ದಿನ ಇದೆ ಸಮ್ಮೇಳನಕ್ಕೆ, ಫಲಕ ಬರೆಸಿಯಾಗಿದೆ."

"ತೆಗೆಯಲ್ಲ ದಾಜು."

"ನಾಳೆಯಿಂದ ಎಲ್ಲರೂ ನಮ್ಮ ಒಂದೊಂದು ಉತ್ತರಾನೂ ತಿದ್ದಿದ್ದಾ ಅಂತ ಕೇಳ್ತಾರೆ. ಗೊತ್ತಾ?"

"ಕೇಳಲಿ."

ನನ್ನನ್ನು ಅಡ್ಮಿನ್ ಕೆಲಸದಿಂದ ತೆಗೆದಿದ್ದಾರೆ.

ಚೈತ್ರ ೧, ಶನಿವಾರ

ಓದಬಾರದೆಂದುಕೊಂಡು ಓದಿದೆ. "ಹೆಂಗಸರನ್ನ ಅಡ್ಮಿನ್ ಮಾಡಿದ್ರೆ ಇಷ್ಟೇ." ನಿರೀಕ್ಷಿಸಿದ್ದೇ. ನೆತ್ತಿಗೇರಿದ್ದು ಇನ್ನೊಂದು: "ದೀದಿ, ಹೋದ ವರ್ಷ ನನ್ನ ಸರ್ವರ್ ಬಿದ್ದಾಗಲೂ 'ಹೇಳಿದ್ದೆನಲ್ಲ' ಅಂದಿದ್ರಿ. ಅದೂ ಹೀಗೇನಾ?" ಇಲ್ಲ, ಅದು ಹಾಗಲ್ಲ. ಆದರೆ ಅವನು ನನ್ನನ್ನು ಯಾಕೆ ನಂಬಬೇಕು.

ಚೈತ್ರ ೩, ಸೋಮವಾರ

ಪುನ್ ಅವರಿಂದ ಸಂದೇಶ. ನಮಸ್ಕಾರವಿಲ್ಲ, ಏನೂ ಇಲ್ಲ. ಕಳೆದುಹೋದ ಹತ್ತೊಂಬತ್ತು ಹಳ್ಳಿಗಳ ಹೆಸರು, ಒಂದೊಂದಕ್ಕೆ ಒಬ್ಬರ ಫೋನ್ ನಂಬರು. ಕೆಳಗೆ: "ಮೊದಲ ಹತ್ತು ನಾನು. ಉಳಿದದ್ದು ನೀವು."

ಚೈತ್ರ ೮, ಶನಿವಾರ

ಬೆಳಿಗ್ಗೆ ಏಳರಿಂದ ಫೋನು. ಹಳ್ಳಿಯವರು ಗದ್ದೆಗೆ ಹೋಗುವ ಮುಂಚೆಯೇ ಹಿಡಿಯಬೇಕು. ಒಂದು ಊರಿನಲ್ಲಿ ಅಂಗಡಿಯಾಕೆ ಎತ್ತಿದಳು.

"ಬ್ಯಾಂಕಿನವಳಾ? ನಂಗೆ ಸಾಲ ಬೇಡ."

"ಅಲ್ಲ ದೀದಿ, ನಿಮ್ಮೂರಲ್ಲಿ ರಕ್ತ ಕೊಟ್ಟವರು ಯಾರ್ಯಾರು ಅಂತ..."

"ಅಯ್ಯೋ ಶಿವನೇ! ಬಾಯಿ ಕೂಡ ತೊಳೆದಿಲ್ಲ, ರಕ್ತ ಕೇಳ್ತಾಳಲ್ಲ ಇವಳು!" ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೂಗಿ ಹೇಳಿದಳು. ಅಲ್ಲೆಲ್ಲ ನಗು. ಆಮೇಲೆ ಪುನ್ ಅವರ ಹೆಸರು ಹೇಳಿದೆ. "ಹಾಗನ್ನಬಾರದಾ ಮೊದಲೇ" ಎಂದವಳೇ ಬೀದಿಯಲ್ಲಿ ಹೋಗುವವರನ್ನು ಒಬ್ಬೊಬ್ಬರನ್ನೇ ಕರೆದು ಫೋನು ಕೊಟ್ಟಳು. ಹದಿನಾಲ್ಕು ಹೆಸರು. ಒಬ್ಬನಿಗೆ ತನ್ನ ಗುಂಪು ನೆನಪಿಲ್ಲ, ಹೆಂಡತಿಯದು ಗೊತ್ತು. ಒಬ್ಬ ಮುದುಕ ತನಗೆ ಎಪ್ಪತ್ತಾದರೂ ಕೊಡುತ್ತೇನೆಂದು ಜಗಳಕ್ಕೆ ನಿಂತ. ಬೇಡವೆಂದು ಅವನನ್ನು ಒಪ್ಪಿಸಲು ಕಾಲು ಗಂಟೆ ಹಿಡಿಯಿತು.

ನಿರನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಗ್ಯಾಸ್ ಮುಗೀತು. ನಾನು ಬುಕ್ ಮಾಡ್ಲಾ?" ಎಂದ. ಆಗಲೇ ಮಾಡಿದ್ದೇನೆ ಎಂದೆ.

ಇವತ್ತು ಸಮ್ಮೇಳನವಂತೆ. ಮಧ್ಯಾಹ್ನ ಯಾರೋ ಫೋಟೋ ಕಳಿಸಿದಾಗ ಗೊತ್ತಾಯಿತು.

ಚೈತ್ರ ೧೩, ಗುರುವಾರ

ಒಟ್ಟು ೧೨೩೭. ಕ್ಯಾಂಪಸ್ ರಸ್ತೆಯ ಆ ಹುಡುಗಿಯೂ ಸಿಕ್ಕಳಂತೆ, ಅವರು ಬರೆದಿದ್ದರು. ಅದೊಂದೇ ವಾಕ್ಯ. ಉಳಿದವರಲ್ಲಿ ಕೆಲವರು ಊರು ಬಿಟ್ಟಿದ್ದಾರೆ, ಕೆಲವರ ಹೆಸರು ಯಾರಿಗೂ ನೆನಪಿಲ್ಲ. ಅವು ಇನ್ನು ಸಿಕ್ಕುವುದಿಲ್ಲ.

ಚೈತ್ರ ೧೯, ಬುಧವಾರ

ಆಫೀಸಿನಿಂದ ಬರುವಾಗ ಅವರ ಫೋನು. ಯಾರಿಗೋ ರಕ್ತ ಬೇಕೇನೋ ಎಂದು ರಸ್ತೆ ಪಕ್ಕದಲ್ಲೇ ನಿಂತು ಪಟ್ಟಿ ತೆರೆದೆ.

"ರಕ್ತಕ್ಕಲ್ಲ. ಪ್ರೋಗ್ರಾಮಿನದು ಒಂದು ಪ್ರಶ್ನೆ. ಕೇಳಬಹುದಾ?"

"ಕೇಳಿ ದಾಜು."

"ಒಂದ್ಸಲ ಕೊಟ್ಟವರನ್ನ ಮೂರು ತಿಂಗಳು ಕರೀಬಾರದು. ನಾನು ತಾರೀಖು ಬರೆಯೋದು ನಮ್ಮ ಪಂಚಾಂಗದ ಪ್ರಕಾರ. ನಮ್ಮ ತಿಂಗಳು ಒಂದ್ಸಲ ಇಪ್ಪತ್ತೊಂಬತ್ತು, ಒಂದ್ಸಲ ಮೂವತ್ತೆರಡು. ವರ್ಷ ವರ್ಷಕ್ಕೂ ಬೇರೆ. ಯಂತ್ರ ತಪ್ಪು ಲೆಕ್ಕ ಹಾಕಿ ಮೊನ್ನೆ ಒಬ್ಬನನ್ನ ಬೇಗ ಕರೆಸಿಬಿಡ್ತು. ಆಸ್ಪತ್ರೆಯವರು ವಾಪಸ್ ಕಳಿಸಿದ್ರು, ಸದ್ಯ. ಇದನ್ನ ಸರಿ ಮಾಡೋದು ಹೇಗೆ?"

ಬಾಯಿಗೆ ಒಂದು ಉತ್ತರ ಬಂದಿತ್ತು. ಸರಿಯಿರಲೂಬಹುದು.

"ನಂಗೆ ಗೊತ್ತಿಲ್ಲ ದಾಜು. ನಾನು ಇಂಥದ್ದು ಮಾಡಿಲ್ಲ."

ಮೈಕ್ರೋಬಸ್ಸುಗಳು ಹಾರ್ನ್ ಹೊಡೆಯುತ್ತ ಹೋದವು.

"ಹಾಗಾದ್ರೆ ಕೇಳೋಣ ಬಹಿನಿ" ಎಂದರು. "ಚೌತಾರೀಲೇ ಕೇಳೋಣ. ನಾನು ಬರೀತೀನಿ, ನೀವು ಒಂದ್ಸಲ ಓದಿ."

ಮನೆಗೆ ಬಂದು ನೋಡಿದರೆ ಅವರು ಹೊಸ ಖಾತೆ ತೆರೆದಿದ್ದರು, ಈ ಸಲ ಪೂರ್ತಿ ಹೆಸರಿನಲ್ಲಿ. ಟೋಪಿ ಹಾಕಿದ, ಬಿಗಿದ ಮುಖದ ಫೋಟೋ. ಪ್ರಶ್ನೆ ಉದ್ದವಾಗಿತ್ತು, ಸ್ಪಷ್ಟವಾಗಿತ್ತು, ಒಂದು ಕಡೆ ಮಾತ್ರ ತಿಂಗಳ ದಿನಗಳು ತಪ್ಪಾಗಿದ್ದವು, ಹೇಳಿದೆ, ತಿದ್ದಿ ಹಾಕಿದರು. ಕೊನೆಯ ಸಾಲು: "ನಮಗಿಬ್ಬರಿಗೂ ತಿಳಿಯದು, ದಯವಿಟ್ಟು ಹೇಳಿಕೊಡಿ. ಖಿಮ್ ಬಹಾದುರ್ ಪುನ್, ಸುಮೇಧಾ ಬಜ್ರಾಚಾರ್ಯ."

ಆರೂವರೆಗೆ ಹಾಕಿದ್ದು. ಆಗಿನಿಂದ ನಾಲ್ಕು ಸಲ ಹೋಗಿ ನೋಡಿದೆ. ಮುನ್ನೂರು ಜನ ಓದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.